ಹಳೇ ಬೂಟಿನ ಉತ್ತರ

ಹಾಲು ನೇರವಾಗಿ ಚರಂಡಿಗೆ ಹೋಗುತ್ತಿತ್ತು. ಅದನ್ನು ಕಂಡ ಮರ್ವಿನ್ ಹಾಲು ಕರೆಯುವ ಯಂತ್ರವನ್ನೇ ನಿಲ್ಲಿಸಿಬಿಟ್ಟ. ಹೊರಗೆ, ಭೂಗೋಳದ ದಕ್ಷಿಣ ತುದಿಯ ಟಾರನಾಕಿಯ ಆಗಸ್ಟ್ ಚಳಿಯಲ್ಲಿ, ಹೊಸದಾಗಿ ಕರು ಹಾಕಿದ ಹಸುಗಳು ಕೆಚ್ಚಲು ಬಿಗಿದುಕೊಂಡು ಅರಚುತ್ತಿದ್ದವು. ಕಂಪ್ಯೂಟರಿನಲ್ಲಿ ಪ್ರತಿ ಹಸುವಿನ ಮುಂದೆಯೂ ಒಂದು ಕೆಂಪು ಸಾಲು: ಇದಕ್ಕೆ ಔಷಧಿ ಕೊಡಲಾಗಿದೆ, ಹಾಲನ್ನು ಟ್ಯಾಂಕಿಗೆ ಬಿಡುವಂತಿಲ್ಲ.

"ಯಾವ ಔಷಧಿ? ಯಾರು ಕೊಟ್ಟಿದ್ದು? ಇಡೀ ಮಂದೆಗೆ?" ಎಂದು ಅವನು ಪರದೆಯನ್ನೇ ಕೇಳಿದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗ್ಲೆನಿಸ್ ಉತ್ತರ ಕೊಟ್ಟಳು. "ತಾರೀಖು ಹಿಂದುಮುಂದಾಗಿದೆ ಮರ್ವ್. ಚಳಿಗಾಲಕ್ಕೆ ಹಾಲು ನಿಲ್ಲಿಸೋವಾಗ ಎಲ್ಲಾ ಕೆಚ್ಚಲಿಗೂ ಔಷಧಿ ಹಾಕಿದ್ವಲ್ಲ, ಮೇ ಎಂಟಕ್ಕೆ? ನಿನ್ನೆ ಅಪ್‌ಡೇಟ್ ಆದ್ಮೇಲೆ ಇದು 8/5 ಅನ್ನೋದನ್ನ ಅಮೆರಿಕದೋರ ಥರ ತಿಂಗಳು ಮೊದಲು ಓದ್ತಿದೆ. ಎಂಟನೇ ತಿಂಗಳು, ಐದನೇ ತಾರೀಖು. ಅದರ ಲೆಕ್ಕದಲ್ಲಿ ಮೊನ್ನೆ ತಾನೇ ಔಷಧಿ ಕೊಟ್ಟಿದೀವಿ. ಸೆಟ್ಟಿಂಗ್ಸ್‌ಗೆ ಹೋಗಿ ದೇಶ ಬದಲಾಯಿಸು."

"ಸುಮ್ನಿರೇ. ಇದು ತಂತಿ ತೊಂದರೆ. ಇಲಿ ಕಡಿದಿರುತ್ತೆ."

ಅವನು ಮೇಜಿನ ಕೆಳಗೆ ನುಗ್ಗಿ ಇಲಿಯನ್ನು ಹುಡುಕಿದ. ಆಮೇಲೆ ಕಂಪನಿಗೆ ಫೋನ್ ಮಾಡಿದ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಅವರು ಕೊಳಲು ಕೇಳಿಸಿದರು. ಮಧ್ಯಾಹ್ನದೊಳಗೆ ಹಾಲಿನ ಟ್ಯಾಂಕರ್ ಬರುವುದಿತ್ತು.

"ಬಳಕೆದಾರರ ಫೋರಂಗಾದ್ರೂ ಸೇರ್ಕೋ," ಎಂದಳು ಗ್ಲೆನಿಸ್. "ಇದೇ ಯಂತ್ರ ಇಟ್ಕೊಂಡೋರೆಲ್ಲ ಅಲ್ಲೇ ಇದಾರೆ."

"ಅದು ಕೆಲಸ ಇಲ್ದೋರ ಹರಟೆಕಟ್ಟೆ."

"ಸರಿ. ಇಲಿ ಸಿಕ್ಕಿದ್ರೆ ಕೂಗು."

ಅವಳು ಮನೆಗೆ ಬಂದು ಚಹಾಕ್ಕೆ ನೀರಿಟ್ಟಳು. ಆ ಸೆಟ್ಟಿಂಗನ್ನು ಅವಳೇ ಬದಲಾಯಿಸಬಹುದಿತ್ತು. ಆದರೆ ಕಂಪ್ಯೂಟರಿನ ಕುರ್ಚಿ ಬಿಟ್ಟು ಅವನು ಏಳುವ ಹಾಗೆ ಕಾಣಲಿಲ್ಲ. ಅಲ್ಲದೆ ಹಿಂದೊಮ್ಮೆ ಅವಳು ಒಂದು ಗುಂಡಿ ಒತ್ತಿದ್ದಳು. ಆ ವರ್ಷ ಕೆಟ್ಟುಹೋದದ್ದಕ್ಕೆಲ್ಲ, ಅಡುಗೆಮನೆಯ ಟೋಸ್ಟರ್ ಸೇರಿದಂತೆ, ಅದೇ ಕಾರಣವೆಂದು ತೀರ್ಮಾನವಾಗಿತ್ತು.

ಚಹಾ ಬಗ್ಗಿಸುವಷ್ಟರಲ್ಲಿ ಅವಳ ಫೋನು ಟಿಣ್ ಎಂದಿತು. ಫೋರಂಗೆ ಹೊಸ ಸದಸ್ಯರೊಬ್ಬರು ಸೇರಿದ್ದರು: ಮರ್ವಿನ್, ಟಾರನಾಕಿ.

ಯಂತ್ರ ಮನೆಗೆ ಬಂದಾಗಿನಿಂದಲೂ ಗ್ಲೆನಿಸ್ ಆ ಫೋರಂನಲ್ಲಿ 'ಹಳೇ ಬೂಟು' ಎಂಬ ಹೆಸರಿನಲ್ಲಿ ಇದ್ದಳು. ಈಗ ಅದರ ಮೇಲ್ವಿಚಾರಣೆಯೂ ಅವಳದೇ. ಸೌತ್‌ಲ್ಯಾಂಡಿನಿಂದ ದೂರದ ಐರ್ಲೆಂಡಿನವರೆಗೆ ಎಷ್ಟೋ ರೈತರು ಅವಳು ಹೇಳಿದಂತೆ ಮಾಡಿ ಯಂತ್ರ ಸರಿಪಡಿಸಿಕೊಂಡಿದ್ದರು. ಹಳೇ ಬೂಟು ಗಂಡೋ ಹೆಣ್ಣೋ ಎಂದು ಯಾರೂ ಕೇಳಿರಲಿಲ್ಲ.

ಹೊಸ ಸದಸ್ಯ ಬರೆದಿದ್ದ: "ದರಿದ್ರ ಯಂತ್ರ ಕೆಟ್ಟು ಕೂತಿದೆ. ಯಾರಾದ್ರೂ ಬೇಗ ಏನಾದ್ರೂ ಮಾಡಿ."

ಹಸುಗಳ ಕೂಗು ಅಡುಗೆಮನೆಗೂ ಕೇಳುತ್ತಿತ್ತು. ಅವುಗಳ ಮೇಲೆ ಅವಳಿಗೆ ನಿಜಕ್ಕೂ ಕನಿಕರವಿತ್ತು. ಆದರೆ ಫೋರಂನ ನಿಯಮ ಎಲ್ಲರಿಗೂ ಒಂದೇ. ಹಳೇ ಬೂಟು ಉತ್ತರ ಬರೆಯಿತು: "ಸ್ವಾಗತ. ಕೇಳುವ ಮೊದಲು ಹುಡುಕಿ ನೋಡಿದಿರಾ? ಎಲ್ಲೆಲ್ಲಿ ಹುಡುಕಿದಿರಿ, ತಿಳಿಸಿ. 'ದಯವಿಟ್ಟು' ಎನ್ನುವುದಕ್ಕೆ ಇಲ್ಲಿ ಶುಲ್ಕವಿಲ್ಲ."

ಅವನ ಕಿವಿ ಕೆಂಪಾಗುವುದನ್ನು ಅವಳು ಇಲ್ಲಿಂದಲೇ ನೋಡಬಲ್ಲವಳಾಗಿದ್ದಳು. ಕೊನೆಗೆ ಉತ್ತರ ಬಂತು: "ಕ್ಷಮಿಸಿ. ಮೇಜಿನ ಕೆಳಗೆ ಇಲಿ ಹುಡುಕಿದೆ. ಇಲ್ಲ. ನಿನ್ನೆ ಅಪ್‌ಡೇಟ್ ಆಗಿತ್ತು. ಎಲ್ಲಾ ಹಸುಗೂ ಮೊನ್ನೆ ಔಷಧಿ ಕೊಟ್ಟಿದೆ ಅಂತ ತೋರಿಸ್ತಿದೆ, ಹಾಲೆಲ್ಲ ಚರಂಡಿಗೆ ಹೋಗ್ತಿದೆ. ದಯವಿಟ್ಟು ಸಹಾಯ ಮಾಡಿ."

ಕ್ಷಮಿಸಿ ಮತ್ತು ದಯವಿಟ್ಟು, ಎರಡೂ ಒಂದೇ ಸಲ. ಗ್ಲೆನಿಸ್ ಕುರ್ಚಿ ಎಳೆದುಕೊಂಡು ಕೂತಳು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಏನು ಹೇಳಿದ್ದಳೋ ಅದನ್ನೇ ಬರೆದಳು. ಮೇ ಎಂಟು, ಆಗಸ್ಟ್ ಐದು, ಸೆಟ್ಟಿಂಗ್ಸ್, ದೇಶ.

ಚಹಾ ಆರುವ ಮೊದಲೇ ಕೊಟ್ಟಿಗೆಯ ಕಡೆಯಿಂದ ಯಂತ್ರದ ಸದ್ದು ಶುರುವಾಯಿತು. ಹಸುಗಳು ಒಂದೊಂದಾಗಿ ಸುಮ್ಮನಾದವು. ಫೋನು ಮತ್ತೆ ಟಿಣ್ ಎಂದಿತು: "ಗುರುವೇ, ನೀನು ಬದುಕಿಸಿಬಿಟ್ಟೆ! ಬೆಳಿಗ್ಗೆಯಿಂದ ಒಬ್ಬರೂ ನಂಗಿದನ್ನ ಹೇಳ್ಲಿಲ್ಲ. ತುಂಬಾ ತುಂಬಾ ಥ್ಯಾಂಕ್ಸ್."

ಅವಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ಬಂತು. 'ಪರಿಹಾರವಾಗಿದೆ' ಎಂಬ ಗುರುತು ಹಾಕಿ ಆ ಪ್ರಶ್ನೆಯನ್ನು ಮುಚ್ಚಿದಳು.

ಟ್ಯಾಂಕರ್ ಹೋದ ಮೇಲೆ ಮರ್ವಿನ್ ಊಟಕ್ಕೆ ಬಂದ. ಶಿಳ್ಳೆ ಹಾಕುತ್ತಿದ್ದ.

"ಆ ಫೋರಂನಲ್ಲಿ ಹಳೇ ಬೂಟು ಅಂತ ಒಬ್ಬ ಇದಾನೆ ಕಣೇ. ಎರಡೇ ಮಾತಲ್ಲಿ ಹಿಡಿದುಬಿಟ್ಟ. ಸ್ವಲ್ಪ ಕೊಬ್ಬು, ಆದ್ರೆ ತಲೆ ಅಂದ್ರೆ ತಲೆ. ನೀನೂ ಸೇರ್ಕೋ, ನಾಲ್ಕು ವಿಷಯ ಗೊತ್ತಾಗುತ್ತೆ."

"ನೋಡ್ತೀನಿ."

ಅವನು ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಒಂದು ಸಲ ಕಣ್ಣಾಡಿಸಿ ಕೂಗಿದ: "ಬೆಣ್ಣೆ ಎಲ್ಲೇ?"

ಪಾತ್ರೆ ತೊಳೆಯುತ್ತಿದ್ದ ಗ್ಲೆನಿಸ್ ತಿರುಗಿ ನೋಡಲಿಲ್ಲ.

"ಕೇಳುವ ಮೊದಲು ಹುಡುಕಿ ನೋಡಿದಿರಾ? ಎಲ್ಲೆಲ್ಲಿ ಹುಡುಕಿದಿರಿ, ತಿಳಿಸಿ."

ನಲ್ಲಿಯ ನೀರು ಸುರಿಯುತ್ತಿತ್ತು. ಬಾಗಿಲು ತೆರೆದೇ ಇದೆಯೆಂದು ಫ್ರಿಜ್ಜು ಕುಂಯ್‌ಗುಡತೊಡಗಿತು. ಮರ್ವಿನ್ ಅದರ ಬೆಳಕಿನಲ್ಲಿ ನಿಂತೇ ಇದ್ದ. ಅವನ ಕಿವಿ ನಿಧಾನವಾಗಿ ಕೆಂಪಾಗುತ್ತಿತ್ತು.

"ಮೇಲಿನ ಖಾನೇಲಿ ನೋಡಿದೆ," ಎಂದ. "ಕೆಳಗಿಂದು ಇನ್ನೂ ನೋಡಿಲ್ಲ." ಆಮೇಲೆ ಸೇರಿಸಿದ: "ದಯವಿಟ್ಟು."