ಬೇಲಿಯ ಹಲಗೆ

ದನ ನುಗ್ಗಿ ಮಲ್ಲಿಗೆ ತೋಟದ ಬೇಲಿ ಮುರಿದಿತ್ತು. ಮಾವ ಎಲ್ಲಿಂದಲೋ ಹಳೆಯ ಹಲಗೆಗಳನ್ನು ತಂದು, ಬಣ್ಣವೆಲ್ಲ ಹೋಗುವ ತನಕ ಕೆರೆದು, ಮೊಳೆ ಹೊಡೆಯತೊಡಗಿದರು. ಸೊಸೆ ಒಂದೊಂದೇ ಹಲಗೆಯನ್ನು ಎತ್ತಿ ಕೊಡುತ್ತಿದ್ದಳು.

“ಎಲ್ಲಿದು ಮಾವ?”

“ಹಳೆ ಶಾಲೆ ಕೆಡವಿದ್ರಲ್ಲ, ಅಲ್ಲಿಯ ಬೆಂಚಿಂದು.”

“ನಿನ್ನೆ ಬಂದರಿಗೆ ಹೋಗಿದ್ರಲ್ಲ. ಇವರ ದೋಣಿ ಸುದ್ದಿ ಏನಾದ್ರೂ ಉಂಟಾ?”

ಮಾವನ ಬಾಯಲ್ಲಿ ಮೊಳೆಗಳಿದ್ದವು. ಇಲ್ಲವೆಂದು ತಲೆಯಾಡಿಸಿದರು.

“ದೋಣಿಗೇನೂ ಆಗ್ಲಿಕ್ಕಿಲ್ಲ. ಹೋಗುವ ಮುಂಚೆ ನನ್ನ ಹಸಿರು ಸೀರೆ ಹರಿದು ಬಿರುಕಿಗೆಲ್ಲ ನಾನೇ ತುಂಬಿದ್ದೆ. ಒಂದು ಹನಿ ನೀರು ಒಳಗೆ ಬರುದಿಲ್ಲ.”

ಮಾವ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. “ಬರ್ತಾನೆ. ಆ ಕೊನೆಯ ಹಲಗೆ ಕೊಡು.”

ಅವಳು ಅದನ್ನು ಸ್ವಲ್ಪ ತಡೆದು ಕೊಟ್ಟಳು. ಅವರು ಹೊಡೆದು ಮುಗಿಸುವ ತನಕ ಅಲುಗದಂತೆ ಹಿಡಿದುಕೊಂಡಳು.

ಅಷ್ಟರಲ್ಲಿ ಹೂವಿನ ವ್ಯಾಪಾರಿ ಬಂದ. ಗಂಡ ಕಡಲಿಗೆ ಹೋಗಿ ಕಾಣೆಯಾದ ಮೇಲೂ, ಬಂದೇ ಬರುತ್ತಾನೆಂದು, ಅವಳು ದಿನವೂ ಒಂದು ತುಂಡು ಮಲ್ಲಿಗೆ ಮುಡಿದು ಉಳಿದದ್ದನ್ನಷ್ಟೇ ಮಾರುತ್ತಿದ್ದಳು. ಇವತ್ತು ಒಳಗಿನಿಂದ ಬುಟ್ಟಿ ತಂದು ಇದ್ದಷ್ಟನ್ನೂ ಅವನಿಗೆ ಕೊಟ್ಟಳು.

“ನಿಮ್ಗೆ ಬೇಡ್ವಾ?”

“ಬೇಡ. ಇನ್ನು ಎಲ್ಲಾ ನೀವೇ ತಗೊಂಡು ಹೋಗಿ.”

ಅವಳು ಖಾಲಿ ಬುಟ್ಟಿ ಹಿಡಿದು ಒಳಗೆ ಹೋದಳು. ಮಾವ ಸುತ್ತಿಗೆ ಕೆಳಗಿಟ್ಟು ಬೇಲಿಯತ್ತ ತಿರುಗಿದರು. ಆ ಕೊನೆಯ ಹಲಗೆಯ ಬಿರುಕಿನಲ್ಲಿ ಹಸಿರು ಸೀರೆಯ ಚೂರೊಂದು ಕಾಣುತ್ತಿತ್ತು.