ಅಮ್ಮನ ಕೈ, ಕಾರಿನ ಚಕ್ರ

ಬಿಸಿಲಿಗೆ ಕಾದ ಟೈರಿನ ವಾಸನೆ ಬಂದರೆ ಈಗಲೂ ನನಗೆ ಕೋಗಿಲಿನ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಆಗಷ್ಟೇ ಕಾರು ಓಡಿಸಲು ಕಲಿತಿದ್ದಳು. ಹಿಂದಿನ ದಿನ ಜಕ್ಕೂರಿನ ಹತ್ತಿರ ಕಾರು ಅತ್ತಿತ್ತ ಎಳೆದಾಡಿ, ಇನ್ನೇನು ಒಂದು ಕಾಂಪೌಂಡಿಗೆ ಗುದ್ದುವುದರಲ್ಲಿತ್ತು. ಹಿಂದಿನ ಸೀಟಿನಲ್ಲಿ ನಾನಿದ್ದೆ.

"ನಿನ್ನ ಕೈಗೆ ಸ್ಟೇರಿಂಗ್ ಒಗ್ಗಲ್ಲ ಬಿಡು," ಎಂದಿದ್ದರು ಅಪ್ಪ.

"ಹೌದು, ನಾನಿನ್ನು ಮುಟ್ಟಲ್ಲ," ಎಂದು ಅಮ್ಮ ಕೀ ಕೊಟ್ಟುಬಿಟ್ಟಿದ್ದಳು.

ತಾತ ಮಾತ್ರ ಆ ಮಧ್ಯಾಹ್ನ, ಕಿಟಕಿ ಮಾಡಿಸಿದಾಗ ಉಳಿದಿದ್ದ ಎರಡು ಅಲ್ಯೂಮಿನಿಯಂ ಪಟ್ಟಿ ತಂದರು. ಸ್ಟೇರಿಂಗ್ ನೇರ ಮಾಡಿ, ಮುಂದಿನ ಚಕ್ರಗಳ ಹೊರಮೈಗೆ ಒಂದೊಂದು ಪಟ್ಟಿಯನ್ನು ಹಳೇ ಸೈಕಲ್ ಟ್ಯೂಬಿನಿಂದ ಬಿಗಿದರು. ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಪಟ್ಟಿಗಳ ನಡುವಿನ ಅಂತರವನ್ನು ಚಕ್ರದ ಮುಂದೊಮ್ಮೆ, ಹಿಂದೊಮ್ಮೆ ಅಳೆದರು. ಮುಂದೆ ಒಂದು ಬೆರಳಗಲದಷ್ಟು ಜಾಸ್ತಿಯಿತ್ತು.

"ಬಾರಮ್ಮ ಇಲ್ಲಿ," ಎಂದು ತಾತ ಅಮ್ಮನನ್ನು ಕೂಗಿದರು. "ಒಂದು ಚಕ್ರ ಅತ್ಲಾಗ್ ಓಯ್ತದೆ, ಇನ್ನೊಂದು ಇತ್ಲಾಗ್. ನಿನ್ ಕೈ ಸರಿಯಾಗೇ ಐತೆ ಕಣಮ್ಮ, ಕಾರೇ ಸೊಟ್ಟ."

ಅಮ್ಮ ಟೇಪನ್ನು ತಾನೇ ಹಿಡಿದು ಮತ್ತೆರಡು ಸಲ ಅಳೆದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅಪ್ಪ ಕಾಫಿ ಮಾಡಿ ತಂದರು.

ಗ್ಯಾರೇಜಿನಲ್ಲಿ ಚಕ್ರ ಸರಿಮಾಡಿಸಿದ ಮರುದಿನ ಅಮ್ಮ ನಮ್ಮನ್ನೆಲ್ಲ ಚಿಕ್ಕಜಾಲದವರೆಗೆ ಕರೆದುಕೊಂಡು ಹೋದಳು. ಅರ್ಧ ದಾರಿಯಲ್ಲೇ ಅಪ್ಪ ಅವಳ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು.