ಕೈ ಬದಲಿಸುವಂತಿಲ್ಲ

ಶೈಲಜಾಳ ಹೊಟ್ಟೆಯೊಳಗಿನ ರಕ್ತಸ್ರಾವ ನಿಲ್ಲಿಸುವ ಆಪರೇಷನ್ ಮುಗಿಯುವ ತನಕ, ಅಂದರೆ ನಾಲ್ಕು ಗಂಟೆ, ಅವಳ ಗರ್ಭದ ಇಪ್ಪತ್ತಾರು ವಾರದ ಮಗು ಹೊರಗಿರಬೇಕಿತ್ತು. ಅಂಥ ಮಗುವನ್ನು ಬೆಚ್ಚನೆಯ ನೀರಿನ ಚೀಲದಲ್ಲಿಟ್ಟು ಜೊತೆಗೆ ಬಂದವರ ಕೈಗೆ ಕೊಡುತ್ತಾರೆ, ಆಮೇಲೆ ಮತ್ತೆ ಗರ್ಭದಲ್ಲಿಡುತ್ತಾರೆ. ಜೊತೆಗೆ ಬಂದಿದ್ದವನು ಗೂಡ್ಸ್ ಆಟೊ ಓಡಿಸುವ ಓಬಳೇಶ ಒಬ್ಬನೇ. ಅವಳಿಗೆ ಗುದ್ದಿದ್ದೂ ಅವನ ಆಟೊ. ಅದನ್ನು ಯಾರೂ ಕೇಳಿರಲಿಲ್ಲ.

"ನಿಮ್ಮ ಎದೆಬಡಿತವನ್ನೇ ಮಗು ಅನುಸರಿಸುತ್ತೆ. ನೀವು ಗಾಬರಿಯಾದರೆ ಅದರದ್ದು ನಿಲ್ಲಬಹುದು. ನಡುವೆ ಕೈ ಬದಲಿಸೋ ಹಾಗಿಲ್ಲ," ಎಂದರು ನರ್ಸ್, ಚೀಲವನ್ನು ಅವನ ಕೈಗಿಡುತ್ತಾ.

ಒಂದು ಗಂಟೆಯ ಬಳಿಕ ಶೈಲಜಾಳ ತಾಯಿ ತಿಪ್ಪಮ್ಮ ಬಂದರು. "ದೇವರ ಹಾಗೆ ಬಂದೆಯಪ್ಪ," ಎಂದು ಅವನ ಬೆನ್ನು ಸವರಿದರು. "ಗುದ್ದಿದವನು ಸಿಕ್ಕಿದ್ನಾ? ಅವನ ಕೈ ಸೇದಿಹೋಗ!"

ಚೀಲದೊಳಗಿನ ಮಿಡಿತ ಒಮ್ಮೆಲೇ ಏರಿತು. ನರ್ಸ್ ಓಡಿಬಂದರು. "ಅಜ್ಜಿ, ಅವರಿಗೆ ಸಿಟ್ಟು ಬರಿಸಬೇಡಿ."

"ನಮಗೋಸ್ಕರ ನೀನ್ಯಾಕಪ್ಪ ಇಷ್ಟು ಸಿಟ್ಟಾಗ್ತೀಯ?" ತಿಪ್ಪಮ್ಮ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು. ಓಬಳೇಶ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಿದ. ಮಿಡಿತ ಇಳಿಯಿತು.

ಹೇಳಿದ ಹೊತ್ತಿಗೆ ಸರಿಯಾಗಿ ಚೀಲ ಒಳಗೆ ಹೋಯಿತು. ತಾಯಿ, ಮಗು ಇಬ್ಬರೂ ಉಳಿದರು ಎಂದು ಡಾಕ್ಟರ್ ಹೇಳಿದಾಗ ತಿಪ್ಪಮ್ಮ ಓಬಳೇಶನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

"ಗುದ್ದಿದ್ದು ನಾನೇ, ಅಮ್ಮ," ಎಂದ ಓಬಳೇಶ.

ಅವರು ಕೈ ಬಿಟ್ಟು ಬೆಂಚಿನ ಆ ತುದಿಗೆ ಸರಿದು ಕೂತರು. ಆಮೇಲೆ ಅವನತ್ತ ನೋಡದೆ ಕೇಳಿದರು: "ಮಗು ಒದೀತಾ?"

"ಒಂದೇ ಸಲ," ಎಂದ. "ನೀವು ಶಾಪ ಹಾಕಿದಾಗ."